ಲೈಬ್ರರಿಯ ಮೆತ್ತನೆ ಕುರ್ಚಿ

ಲೈಬ್ರರಿ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ದಿನದಿಂದ ಗಣಿತದ ಮೇಷ್ಟ್ರಿಗೆ ಆ ಕೋಣೆಯ ಮೆತ್ತನೆ ಕುರ್ಚಿ ಕನಸಿನಲ್ಲೂ ಬರತೊಡಗಿತು. ಹನ್ನೊಂದು ವರ್ಷದಿಂದ ಅವರು ಏಳನೇ ‘ಬಿ’ ವಿಭಾಗಕ್ಕೆ ಭಿನ್ನರಾಶಿ ಕಲಿಸುತ್ತಿದ್ದರು. ವರ್ಷ ವರ್ಷ ಮಕ್ಕಳು ಬದಲಾಗುತ್ತಿದ್ದರು, ಗಲಾಟೆ ಮಾತ್ರ ಹಾಗೇ ಇರುತ್ತಿತ್ತು. ಕೂಗಿ ಕೂಗಿ ಅವರ ಗಂಟಲು ತುಕ್ಕು ಹಿಡಿದ ಗೇಟಿನಂತಾಗಿತ್ತು. ಪುಸ್ತಕಗಳಾದರೆ ಮಾತಾಡುವುದಿಲ್ಲ, ಬೆನ್ನು ತಿರುಗಿಸಿದೊಡನೆ ಕಾಗದದ ರಾಕೆಟ್ ಬಿಡುವುದಿಲ್ಲ.

ಆ ದಿನ ಮೊದಲ ಪೀರಿಯಡ್ ಮುಗಿಸಿ, ಧೈರ್ಯ ಮಾಡಿ ಹೆಡ್‌ಮಿಸ್ ಕೋಣೆಗೆ ಹೋದರು.

“ನನ್ನ ಕೈಲಿ ಆಗಲ್ಲ ಮೇಡಂ. ಆ ಮಕ್ಕಳು ನನ್ನ ಮಾತೇ ಕೇಳಲ್ಲ. ನನ್ನನ್ನ ಲೈಬ್ರರಿಗೆ ಹಾಕಿ.”

ಹೆಡ್‌ಮಿಸ್ ಕನ್ನಡಕ ತೆಗೆದು ಅವರನ್ನೇ ನೋಡಿದರು. “ಸರಿ, ಮೂರನೇ ಪೀರಿಯಡ್‌ಗೆ ಬಂದು ನಾನೇ ಹಿಂದೆ ಕೂತ್ಕೋತೀನಿ. ಕ್ಲಾಸು ನಿಮ್ಮ ಹಿಡಿತದಲ್ಲಿಲ್ಲ ಅನ್ನೋದು ನನ್ನ ಕಣ್ಣಿಗೆ ಬಿದ್ರೆ, ಲೈಬ್ರರಿ ನಿಮ್ಮದು.”

ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳನೇ ‘ಬಿ’ ಹಿಡಿತದಲ್ಲಿಲ್ಲ ಎಂದು ತೋರಿಸಲು ತಾವು ಮಾಡಬೇಕಾದದ್ದಾದರೂ ಏನು? ಸುಮ್ಮನೆ ಒಳಗೆ ಹೋದರೆ ಸಾಕಲ್ಲ!

ಸ್ಟಾಫ್ ರೂಮಿನಲ್ಲಿ ಸುದ್ದಿ ಕೇಳಿದ ಡ್ರಿಲ್ ಮೇಷ್ಟ್ರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. “ಸಾರ್, ಬೇರೆ ಬೇರೆ ಕೂರಿಸಿದೀರಲ್ಲ ಆ ಮೂರು ತರಲೆಗಳನ್ನ, ಇವತ್ತು ಒಂದೇ ಬೆಂಚಿಗೆ ಹಾಕಿ. ಐದು ನಿಮಿಷದಲ್ಲಿ ಬೆಂಚೇ ಎದ್ದು ಓಡುತ್ತೆ.”

ವಿಜ್ಞಾನದ ಟೀಚರ್ ದನಿಗೂಡಿಸಿದರು. “ಬೋರ್ಡ್ ಕಡೆ ತಿರುಗಿ ನಿಂತ್ಬಿಡಿ. ಮಿಕ್ಕಿದ್ದು ಮಕ್ಕಳೇ ನೋಡ್ಕೋತಾರೆ.”

ಮೂರನೇ ಪೀರಿಯಡ್. ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕುಳಿತರು. ಮೇಷ್ಟ್ರು ಮೂರು ತರಲೆಗಳನ್ನು ಒಟ್ಟಿಗೆ ಕೂರಿಸಿ, ಬೋರ್ಡಿನತ್ತ ತಿರುಗಿ, ಕಿವಿ ನೆಟ್ಟಗೆ ಮಾಡಿ ನಿಂತರು.

ಏನೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ನಲವತ್ತಮೂರು ಮಕ್ಕಳೂ ಕೈಕಟ್ಟಿ ಕುಳಿತಿದ್ದಾರೆ!

ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. ಬೇಕೆಂದೇ ಸೊಟ್ಟ ವೃತ್ತ ಬರೆದರು. ಯಾರೂ ನಗಲಿಲ್ಲ. “ಸರ್, ಕೈವಾರ ಕೊಡ್ಲಾ?” ಎಂದಳು ಲೀಡರ್ ಹುಡುಗಿ, ವಿನಯವೇ ಮೈವೆತ್ತಂತೆ. ಚಾಕ್‌ಪೀಸ್ ಡಬ್ಬಿ ಬೀಳಿಸಿದರು. ಮೂರು ತರಲೆಗಳೂ ಎದ್ದು ಬಂದು ಒಂದೊಂದೇ ಆರಿಸಿ, ಬಣ್ಣದವನ್ನು ಬೇರೆ ಮಾಡಿ ಕೊಟ್ಟರು.

ಉಳಿದದ್ದು ಒಂದೇ ದಾರಿ. ವರ್ಷವಿಡೀ ನಿದ್ದೆ ಮಾಡಿದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದರು. “ಏನೋ ನಿದ್ದೆಪುರುಕ, ಆರನ್ನ ಅರ್ಧದಿಂದ ಭಾಗಿಸಿದ್ರೆ ಎಷ್ಟೋ?”

“ಹನ್ನೆರಡು ಸರ್.”

“ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ಲೋ, ಜಾಸ್ತಿ ಹೇಗಾಯ್ತು?”

ಹುಡುಗ ತಲೆ ಕೆರೆದುಕೊಂಡ. “ಆರು ಅಡಿ ಹಗ್ಗ ಅಂದ್ಕೊಳ್ಳಿ ಸರ್. ಅರ್ಧರ್ಧ ಅಡಿ ಕತ್ತರಿಸ್ತಾ ಹೋದ್ರೆ ಹನ್ನೆರಡು ತುಂಡು ಬರಲ್ವಾ?”

ಮೇಷ್ಟ್ರು ಕುರ್ಚಿಯನ್ನೂ ಮರೆತರು, ಹೆಡ್‌ಮಿಸ್ಸನ್ನೂ ಮರೆತರು. ಹನ್ನೊಂದು ವರ್ಷದಲ್ಲಿ ಆ ‘ಹೇಗೆ’ಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. “ಭಲೇ ಮರಿ! ಹಾಗಾದ್ರೆ ಕಾಲು ಅಡಿ ತುಂಡಾದ್ರೆ?” ಎಂದು ಕೂಗಿದರು. ನಲವತ್ತಮೂರು ಕೈ ಮೇಲೆದ್ದವು. ಗಂಟೆ ಹೊಡೆಯುವವರೆಗೂ ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹಾರಾಡಿದರು. ಇಷ್ಟು ಖುಷಿ ಅವರಿಗೆ ಮದುವೆಯಲ್ಲೂ ಆಗಿರಲಿಲ್ಲ.

ಹೆಡ್‌ಮಿಸ್ ಕಣ್ಣೊರೆಸಿಕೊಂಡು ಎದ್ದರು. “ನಿಮ್ಮಂಥವರನ್ನ ಲೈಬ್ರರಿಗೆ ಕಳಿಸಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ. ಮುಂದಿನ ವರ್ಷ ಏಳನೇ ‘ಸಿ’ನೂ ನೀವೇ ತಗೊಳ್ಳಿ!”

ಅವರು ಹೋದ ಮೇಲೆ ಮೇಷ್ಟ್ರು ಕುಸಿದು ಕುಳಿತರು. “ಯಾಕ್ರೋ? ಇವತ್ತೇ ಯಾಕ್ರೋ ಹೀಗೆ ಮಾಡಿದ್ರಿ?”

ಲೀಡರ್ ಹುಡುಗಿ ಎದ್ದು ನಿಂತಳು. “ಹೋಮ್‌ವರ್ಕ್ ಮಾಡಿಲ್ಲ ಅಂತ ಬೆಳಿಗ್ಗೆ ನೀವೇ ನನ್ನನ್ನ ಹೆಡ್‌ಮಿಸ್ ರೂಮಿನ ಹೊರಗೆ ನಿಲ್ಲಿಸಿದ್ರಲ್ಲ ಸರ್. ಎಲ್ಲಾ ಕೇಳಿಸ್ತು. ನಿಮ್ಮನ್ನ ಕಳ್ಕೊಳ್ಳೋಕೆ ಆಗುತ್ತಾ?”

ಮೇಷ್ಟ್ರು ಎದ್ದು ಬಂದು ಅವಳ ತಲೆ ಸವರಿದರು. “ನನ್ನ ಮೇಲೆ ಅಷ್ಟು ಪ್ರೀತಿ ಏನ್ರೋ ನಿಮಗೆ?”

“ಇಲ್ದೆ ಮತ್ತೆ? ಬೇರೆ ಸರ್ ಬಂದ್ರೆ ಗಲಾಟೆ ಮಾಡೋಕೆ ಬಿಡ್ತಾರಾ ಸರ್?” ಎಂದ ತರಲೆಗಳಲ್ಲೊಬ್ಬ.

ಮೇಷ್ಟ್ರು ಅಳಬೇಕೋ ನಗಬೇಕೋ ತಿಳಿಯದೆ ನಕ್ಕೇಬಿಟ್ಟರು. ಅಷ್ಟರಲ್ಲಿ ನಿದ್ದೆಪುರುಕ ಮೆಲ್ಲಗೆ ಕೈಯೆತ್ತಿದ.

“ಸರ್, ನಾಲ್ಕನೇ ಪೀರಿಯಡ್ಡೂ ನಿಮ್ಮದೇ ಅಲ್ವಾ? ಒಂದು ಪೀರಿಯಡ್ ಪೂರ್ತಿ ತಡ್ಕೊಂಡಿದೀವಿ. ಈಗ ಶುರು ಮಾಡ್ಲಾ?”