ಹೊಸ ಗಾಡಿಯ ಕಾರಹುಣ್ಣಿಮೆ

ವಾದ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ತಳಕಲ್ಲಿನಲ್ಲಿ ಯಾರೂ ಇಲ್ಲ. ಇದು ನನ್ನ ಅಭಿಪ್ರಾಯ. ಹೆಂಡತಿ ರೇಣುಕಾಳ ಅಭಿಪ್ರಾಯ ಬೇರೆ ಇದೆ, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಕೊಂಡು ವರ್ಷವೂ ತುಂಬದ ಬೈಕಿನ ಇಂಜಿನ್ ಜಾಮ್ ಆಗಿ, ಕೊಪ್ಪಳದ ಶೋರೂಮಿನವರು ಫೋನ್ ಮಾಡಿ, "ಇಂಜಿನ್ ಒಳಗ ಬ್ಯಾರೆ ಏನೋ ಹಾಕ್ಯಾರ್ರಿ, ವಾರಂಟಿ ಬರಂಗಿಲ್ಲ" ಎಂದಾಗ ನನಗೆ ಸಿಟ್ಟಿಗಿಂತ ಹುರುಪೇ ಹೆಚ್ಚಾಯಿತು.

"ಜಗಳ ತಗೀಬ್ಯಾಡ್ರಿ. ಏನ್ ಹಾಕ್ಯಾರ ಅಂತ ಮೊದಲ ಕೇಳ್ರಿ," ಎಂದಳು ರೇಣುಕಾ.

"ಕೇಳೋದೇನೈತಿ? ಸುಳ್ಳು ಹೇಳಾಕತ್ಯಾರ!"

ಆ ಬೈಕಿಲ್ಲದೆ ನಾನು ಗಿಣಿಗೇರಾ ಕಾರ್ಖಾನೆಯ ಬೆಳಗಿನ ಪಾಳಿಗೆ ಮುಟ್ಟುವಂತಿರಲಿಲ್ಲ. ಅದು ಹಾಗಿರಲಿ, ನಿಜವಾಗಿ ಅದು ನಮ್ಮಪ್ಪನ ಗಾಡಿ. ಅಪ್ಪನಿಗೆ ಓಡಿಸಲು ಬರುವುದಿಲ್ಲ, ಆದರೂ ಅಪ್ಪನದೇ. ಹೋದ ವರ್ಷ ನಮ್ಮ ಎತ್ತು ರಾಮ ಚರ್ಮಗಂಟು ರೋಗದಿಂದ ಸತ್ತಿತು. ಅದರ ಹಿಂದಿನ ದಿನ ಅಪ್ಪ ಅದಕ್ಕೆ ಗೊಟ್ಟ ಹಾಕಿದ್ದ. ಗೊಟ್ಟವೆಂದರೆ ಕುಸುಬೆ ಎಣ್ಣೆ, ಅರಿಸಿನ, ಮೊಟ್ಟೆ ಕಲಸಿ ಬಿದಿರಿನ ನಳಿಗೆಯಿಂದ ಗಂಟಲಿಗೆ ಇಳಿಸುವುದು. ಎತ್ತಿಗೆ ಶಕ್ತಿ ಬರಲೆಂದು ಎತ್ತಿನ ಹಬ್ಬವಾದ ಕಾರಹುಣ್ಣಿಮೆಗೂ ಹಾಕುತ್ತೇವೆ. "ನನ್ನ ಕೈಯಿಂದನ ಹೋತು" ಎಂದು ಅಪ್ಪ ಅಂದು ಹಿಡಿದ ಮಾತು ಬಿಡಲಿಲ್ಲ. ಊಟ ಅರ್ಧವಾಯಿತು, ಮಾತು ಕಾಲುಭಾಗವಾಯಿತು. ಬೈಕ್ ಬಂದಮೇಲೆ ಅದನ್ನು ರಾಮ ಮೇವು ತಿನ್ನುತ್ತಿದ್ದ ಗ್ವಾದಲಿಯ ಮುಂದೆಯೇ ನಿಲ್ಲಿಸಿಕೊಂಡು ದಿನಾ ಒರೆಸತೊಡಗಿದ. ಮನೆಯಲ್ಲಿ ಮತ್ತೆ ಅವನ ದನಿ ಕೇಳಿಸತೊಡಗಿತು.

ಇಂಥ ಅಪ್ಪನನ್ನು ನಾನು ಸಾಕ್ಷಿ ಹೇಳಲು ಶೋರೂಮಿಗೆ ಕರೆದುಕೊಂಡು ಹೋದೆ! ನನ್ನ ಬುದ್ಧಿಗೆ ಏನು ಹೇಳಬೇಕು?

ಮ್ಯಾನೇಜರು ಕುಷ್ಟಗಿ ಕಡೆಯವರು, ತಾಳ್ಮೆಯ ಮನುಷ್ಯ. ಚಹಾ ತರಿಸಿದರು. ನಾನು ಮೇಜು ಗುದ್ದಿದೆ. ಚಹಾ ಹಾರಿ ಅವರ ಅಂಗಿಯ ಮೇಲೆ ಬಿತ್ತು.

"ಗ್ರಾಹಕರ ಕೋರ್ಟಿಗೆ ಹೋಗ್ತೀನ್ರಿ!" ಎಂದೆ.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಅವರು ಅಂಗಿ ಒರೆಸಿಕೊಂಡರು. "ಗಾಡಿ ಹೆಂಗ ನೋಡ್ಕೊಂಡೀರಿ, ಅದನ್ನ ಹೇಳ್ರಿ."

"ಮನಿ ಮಗನಂಗ! ಪುರಾವೆ ಬೇಕೇನ್ರಿ?"

ಮೊಬೈಲ್ ತೆಗೆದು, ಈ ಸಲದ ಕಾರಹುಣ್ಣಿಮೆಗೆ ರೇಣುಕಾ ತೆಗೆದ ಫೋಟೋ ತೋರಿಸಿದೆ. ಊರಿನವರೆಲ್ಲ ಎತ್ತು ಸಿಂಗರಿಸಿದ್ದರೆ ನಮ್ಮಪ್ಪ ಬೈಕಿಗೆ ಎತ್ತಿಗೆ ಹಚ್ಚುವ ಕೆಂಪು ಹುರಮಂಜು ಬಳಿದು, ಹ್ಯಾಂಡಲ್ಲಿಗೆ ಗೊಂಡೆ ಕಟ್ಟಿದ್ದ. ಮುಂದೆ ನಾನು ಮೀಸೆ ತಿರುವುತ್ತ ನಿಂತಿದ್ದೆ.

ಮ್ಯಾನೇಜರು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. "ಹಿಂದ ಯಜಮಾನ್ರ ಕೈಯಾಗ ಏನೈತ್ರಿ?"

ನೋಡಿದೆ. ಬಿದಿರಿನ ನಳಿಗೆ! ಅದರ ತುದಿ ಇಂಜಿನ್ನಿಗೆ ಆಯಿಲ್ ಹಾಕುವ ತೂತಿನಲ್ಲಿತ್ತು. ಆ ಫೋಟೋವನ್ನು ನಾನು ಎಷ್ಟೋ ಸಲ ನೋಡಿದ್ದೆ. ನನ್ನ ಮೀಸೆಯನ್ನಷ್ಟೇ ನೋಡಿದ್ದೆ.

"ಇಂಜಿನ್ ಬಿಚ್ಚಿದ್ರ ಕುಸುಬಿ ಎಣ್ಣಿ, ಅರಿಷಿಣ, ತತ್ತಿ ಸಿಕ್ಕಾವ್ರಿ," ಎಂದರು ಮ್ಯಾನೇಜರು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಎತ್ತಿನಂಗ ದುಡೀತೈತಿ, ವರ್ಷಕ್ಕೊಮ್ಮೆ ಶಕ್ತಿ ಬರ್ಲಿ ಅಂತ..." ಅಪ್ಪ ತನ್ನ ಅಂಗೈ ನೋಡಿಕೊಂಡ. "ಇದೂ ನನ್ನ ಕೈಯಿಂದನ ಹೋತೇನ್ರಿ?"

ಇನ್ನು ಮನೆಗೆ ಹೋದರೆ ಅಪ್ಪ ಪೂರ್ತಿ ಮೂಕನಾಗುತ್ತಾನೆ ಎಂದು ಅನಿಸಿತು. ಆಗ ಎದ್ದು ನಿಂತು ನನ್ನ ಜೀವಮಾನದ ಅತ್ಯುತ್ತಮ ವಾದವನ್ನು ಮಂಡಿಸಿದೆ, ನನ್ನ ವಿರುದ್ಧವೇ!

"ಗೊಟ್ಟದಿಂದ ಏನೂ ಆಗಿಲ್ರಿ! ಅದಕ್ಕೂ ಮೊದಲ ಇಂಜಿನ್ ಹಾಳಾಗಿತ್ತು. ನಾನು ಆಯಿಲ್ ಬದಲಿ ಮಾಡ್ಸಿಲ್ಲ, ಸರ್ವಿಸ್ ಮಾಡ್ಸಿಲ್ಲ. ತಪ್ಪೆಲ್ಲಾ ನಂದು!"

ಮ್ಯಾನೇಜರು ಕಂಪ್ಯೂಟರ್ ನೋಡಿದರು. ನಾನು ಒಂದೂ ಸರ್ವಿಸ್ ತಪ್ಪಿಸಿರಲಿಲ್ಲ. ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಆಮೇಲೆ ಅಪ್ಪನನ್ನು ನೋಡಿದರು. ಮೆಲ್ಲಗೆ ಪರದೆಯನ್ನು ಆಚೆ ತಿರುಗಿಸಿದರು.

"ಹೌದ್ರಿ ಯಜಮಾನ್ರ, ನಿಮ್ಮ ಮಗಂದ ತಪ್ಪು. ಇಂಥಾ ಬೇಜವಾಬ್ದಾರಿ ಮನಷ್ಯಾನ್ನ ನಾನು ಎಲ್ಲೂ ನೋಡಿಲ್ಲ!" ಎಂದು ಶುರು ಮಾಡಿದವರು ಬಹಳ ಹೊತ್ತು ಬೈದರು. ಅದರಲ್ಲಿ ಚಹಾದ ಲೆಕ್ಕವೂ ಸೇರಿತ್ತೆಂದು ನನ್ನ ಗುಮಾನಿ.

ವಾರಂಟಿ ಅಲ್ಲಿಗೆ ಮುಗಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, "ಹಂಗಾದ್ರ ರಾಮನೂ ನನ್ನ ಗೊಟ್ಟದಿಂದ ಹೋಗಿದ್ದಲ್ಲೇನೋ?"

"ರೋಗದಿಂದ ಹೋತು, ಯಪ್ಪಾ. ಡಾಕ್ಟರೂ ಅದನ್ನ ಹೇಳಿದ್ರಲ್ಲ."

ಅಪ್ಪ ಧೋತರದ ಚುಂಗು ಮುಖಕ್ಕೆ ಹಿಡಿದು ಗಟ್ಟಿಯಾಗಿ ಅತ್ತುಬಿಟ್ಟ. ರಾಮ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಕಂಡಕ್ಟರ್ ಗಾಬರಿಯಾಗಿ ಓಡಿಬಂದ, "ಅಜ್ಜಾರಿಗೆ ಏನಾತ್ರಿ?"

ಅಪ್ಪ ಕಣ್ಣೊರೆಸಿಕೊಂಡು ನನ್ನತ್ತ ಬೆರಳು ಮಾಡಿದ. "ಎಂಥಾ ಮಗನ್ನ ಹಡದೀನಿ ನೋಡ್ರಿ! ಆಯಿಲ್ ಬದಲಿ ಮಾಡ್ಸದ ಹೊಸಾ ಗಾಡಿ ಸುಟ್ಟಾನ! ನಾ ಗೊಟ್ಟ ಹಾಕಿದ್ದಕ್ಕ ಅದು ಇಷ್ಟು ದಿನನಾರ ಓಡೇತಿ!"

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು.

"ಹೌದ್ರಿ," ಎಂದೆ.