ಹಣ್ಣಿನ ಫೋನೂ ಬೀಗತಿಯ ಕರೆಯೂ

ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದರೆ ಫೋನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ಅಂದೋಲಾದ ನಮ್ಮ ಓಣಿಯಲ್ಲಿ ಎದೆ ತಟ್ಟಿ ಹೇಳುತ್ತಿದ್ದೆ. ಓಣಿಯವರ ಗ್ಯಾಸು ಬುಕ್ ಮಾಡುವವಳು ನಾನು. ರೀಚಾರ್ಜ್ ಹಾಕುವವಳು ನಾನು. ಈಗ ಯಾರ ಮನೆಯಲ್ಲಿ ಫೋನ್ ಟಿಣ್ ಎಂದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಯಾಕೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಪಕ್ಕದ ಮನೆಯ ಖಾಜಾಬಿ ಹೇಳುತ್ತಾಳೆ. ಆಕೆಯ ಕೈಯಲ್ಲಿ ಉಪ್ಪುಖಾರ ಸ್ವಲ್ಪ ಜಾಸ್ತಿ!

ಮೊಮ್ಮಗಳು ಸಂಗೀತಾಳನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. ತಾಯಿ ಇಲ್ಲದ ಹುಡುಗಿ. ಸಾಕಿದವಳು ನಾನು, ಹಾಗಾಗಿ ಆಕೆಯ ತವರು ಅಂದರೆ ನಾನೇ. ಆಕೆಯ ಅತ್ತೆ ಶಾಂತಾಬಾಯಿ, ನನ್ನ ಬೀಗತಿ, ಹೊಸ ಫೋನ್ ತಗೊಂಡಾಗ ತನ್ನ ಹಳೇದನ್ನು ಪ್ರೀತಿಯಿಂದ ನನಗೆ ಕೊಟ್ಟಳು. ತಿರುಗಿಸಿ ನೋಡಿದೆ. ಬೆನ್ನಿಗೆ ಕಚ್ಚಿದ ಹಣ್ಣಿನ ಚಿತ್ರ.

"ಯಾರ್ ಬೇ ಇದನ್ನ ಎಂಜಲ ಮಾಡಿದವರು?" ಎಂದೆ.

"ಅದು ಕಂಪನಿ ಗುರ್ತ ಆಯಿ. ಭಾರಿ ಫೋನ್ ಅದ" ಎಂದಳು ಸಂಗೀತಾ. ನನಗೆ ಆಕೆ ಚಿಕ್ಕಂದಿನಿಂದ ಆಯಿ ಎನ್ನುತ್ತಾಳೆ.

ಶಾಂತಾಬಾಯಿಯ ಹೊಸ ಫೋನೂ ಹಣ್ಣಿನದೇ. ಹಣ್ಣಿನ ಫೋನಿನಿಂದ ಹಣ್ಣಿನ ಫೋನಿಗೆ ಹೋಗುವ ಮೆಸೇಜಿಗೆ ಬೇರೆಯೇ ದಾರಿಯಂತೆ. ನಾನು ಗಿರಣಿಯಲ್ಲಿ ಜೋಳ ಬೀಸುವವರೆಗೂ ಅದನ್ನೇ ಹೇಳಿದೆ. "ನಿಮ್ಮ ಮೆಸೇಜ್ ಬಸ್ಸಿನಾಗ ಹೋಗ್ತಾವ. ನಮ್ಮ ಬೀಗರದು, ನಂದು ಕಾರಿನಾಗ!"

ಕಾರಿನ ಸುಖ ಎರಡು ತಿಂಗಳು ನಡೆಯಿತು. ಇಡೀ ಓಣಿಯಲ್ಲಿ ಒಬ್ಬರ ಚಾರ್ಜರೂ ಅದಕ್ಕೆ ಹೊಂದಲಿಲ್ಲ. ನಾನು ಕಳಿಸಿದ ವಿಡಿಯೋ ಖಾಜಾಬಿಯ ಫೋನಿನಲ್ಲಿ ಅಂಚೆ ಚೀಟಿಯಷ್ಟು ಸಣ್ಣದಾಗಿ ಕಾಣುತ್ತಿತ್ತು. "ಯೇ ಕ್ಯಾ ಅಮ್ಮಾ, ನಿಮ್ಮ ಮೊಮ್ಮಗಳ ಮಾರಿ ಹುಡುಕಾಕ ಚಾಳೀಸ್ ಹಾಕ್ಕೋಬೇಕೇನ್ರಿ?" ಎಂದಳು ಆಕೆ. ಸಾಕಾಯಿತು. ನನ್ನ ಮೊದಲಿನ ಹಳೇ ಫೋನೇ ಬೇಷ್ ಎಂದು ತೀರ್ಮಾನಿಸಿದೆ. ಜೇವರ್ಗಿಗೆ ಹೋಗಿ ಮೊಬೈಲ್ ಅಂಗಡಿಯವನಿಗೆ ಹೇಳಬೇಕಿತ್ತು. ಸಿಮ್ ತೆಗೆಯಲು ಅಂಗಡಿಯವನು ಯಾಕೆ? ಕಿವಿಯ ಬೆಂಡೋಲೆ ಬಿಚ್ಚಿದೆ, ಅದರ ಕಡ್ಡಿ ತೂತಿಗೆ ಚುಚ್ಚಿದೆ, ಸಿಮ್ ಹೊರಗೆ ಬಂತು. ಹಳೇ ಫೋನಿಗೆ ಹಾಕಿದೆ. ಹಣ್ಣಿನ ಫೋನನ್ನು ಟ್ರಂಕಿನಲ್ಲಿ ಇಟ್ಟೆ. ಕೆಳಗೆ ಸಂಗೀತಾಳ ಕುಬಸಕ್ಕೆಂದು ತಂದ ಹಸಿರು ಇಳಕಲ್ ಸೀರೆ, ಖಾಜಾಬಿ ಹೊಲಿದ ಕುಪ್ಪಸ. ಹುಡುಗಿ ಬಸುರಿ. ಏಳನೇ ತಿಂಗಳಿಗೆ ಕುಬಸ, ಪೇಟೆಯವರು ಸೀಮಂತ ಎನ್ನುತ್ತಾರಲ್ಲ, ಅದು.

ನಮ್ಮ ಕಡೆ ಕುಬಸದ ದಿನ ಇಡುವವರು ಗಂಡನ ಮನೆಯವರು. ಅತ್ತೆಯಾದವಳು ಬಂದು ಕುಂಕುಮ ಹಚ್ಚಿ ತವರಿನವರನ್ನು ಕರೆಯಬೇಕು. ತವರಿನ ಸೀರೆ, ಕುಪ್ಪಸ ಹೋಗದೆ ಹುಡುಗಿಯ ಉಡಿ ತುಂಬುವುದಿಲ್ಲ. ಆದರೆ ಅದೇ ಹೊತ್ತಿಗೆ ಶಾಂತಾಬಾಯಿಗೆ ಗಂಟಲಿನ ಆಪರೇಷನ್ ಆಯಿತು. ಬಿಸಿಲು, ಧೂಳು, ಮಾತು, ಮೂರೂ ಒಂದು ತಿಂಗಳು ಬಂದ್. ದವಾಖಾನೆಗೆ ನೋಡಲು ಹೋದಾಗ ನಾನೇ ದೊಡ್ಡ ಮನಸ್ಸು ಮಾಡಿ ಹೇಳಿದೆ: "ನೀವು ಬರಬ್ಯಾಡ್ರಿ ಬೀಗರ. ಮೆಸೇಜಿನಾಗೇ ಕರೀರಿ. ನನಗೇನು ಸಿಟ್ಟಿಲ್ಲ." ಪಾಪ, ಆಕೆ ಎರಡೂ ಕೈ ಮುಗಿದಳು. ಫೋನ್ ಬದಲಿಸಿದ್ದನ್ನು ನಾನು ಹೇಳಲಿಲ್ಲ. ಕೊಟ್ಟವರ ಮುಂದೆ ಹೇಗೆ ಹೇಳಲಿ?

ಒಂದು ವಾರ ಆಯಿತು. ಮೆಸೇಜಿಲ್ಲ. ಇನ್ನೊಂದು ವಾರಕ್ಕೆ ನನ್ನ ದೊಡ್ಡ ಮನಸ್ಸು ಸಣ್ಣದಾಯಿತು. ಒಂದು ಗುರುವಾರ ಸಂಗೀತಾ ಫೋನ್ ಮಾಡಿದಳು.

"ಆಯಿ, ಹೊಂಟಿಯೇನು?"

"ಎಲ್ಲಿಗಿ?"

"ನಾಳೆ ಕುಬಸ ಅಲ್ಲೇನು!"

"ಕರೀಲಾರದ ಮನಿಗಿ ನಾ ಬರಂಗಿಲ್ಲ."

"ಅತ್ತಿ ಕರದಾರಲ್ಲ! ದಿನಾ ಮೆಸೇಜ್ ಕಳಸಾಕತ್ತಾರ, ನೀನೇ ಉತ್ರ ಕೊಡವಲ್ಲಿ."

"ಸುಳ್ಳು! ನನ್ನ ಫೋನ್ ನನ್ನ ಕೈಯಾಗೇ ಅದ. ನಿನ್ನ ಅತ್ತಿ ಖೊಟ್ಟಿ ಹೇಳ್ತಾಳ!"

ಆಕೆಯ ಗಂಡ ಮಲ್ಲಿನಾಥ ಫೋನ್ ಇಸಕೊಂಡ. ಒಳ್ಳೆಯ ಹುಡುಗ. "ನಾ ಕರಿಯಾಕತ್ತೇನ್ರಿ ಅಜ್ಜಿ, ಬರ್ರಿ" ಎಂದ.

"ಹೆಣ್ಣಮಕ್ಕಳ ಕಾರ್ಯಕ್ಕ ಗಂಡಸರ ಕರಿ ನಡಿಯಂಗಿಲ್ಲಪ್ಪಾ" ಎಂದು ಕಟ್ ಮಾಡಿದೆ.

ಮರುದಿನ ಕುಬಸ ಆಗಲಿಲ್ಲ. ತವರಿಲ್ಲದೆ ಹೇಗೆ ಆಗಬೇಕು? ನಾನು ಗಿರಣಿಗೆ ಹೋಗಿ ನನ್ನ ಫೋನನ್ನು ಎಲ್ಲರ ಕೈಗೂ ಕೊಟ್ಟೆ. ನೋಡ್ರಿ, ಬೀಗತಿಯ ಒಂದಾದರೂ ಮೆಸೇಜ್ ಇದೆಯೇ? ಹತ್ತು ಹೆಂಗಸರು ನೋಡಿದರು. ಹತ್ತೂ ಜನ "ಇಲ್ಲ" ಎಂದರು. ಕೋರ್ಟಿನಲ್ಲಿ ಕೂಡ ಇಷ್ಟು ಸಾಕ್ಷಿ ಇರುವುದಿಲ್ಲ! "ಹೊಸ ಫೋನ್ ಬಂದ ಮ್ಯಾಲ ಸೊಕ್ಕು ಬಂದದ ಆಕಿಗಿ" ಎಂದು ತೀರ್ಪನ್ನೂ ನಾನೇ ಕೊಟ್ಟೆ.

ಏಳನೇ ತಿಂಗಳು ಮುಗಿಯಲು ಒಂಬತ್ತು ದಿನ ಉಳಿದವು. ಸಂಗೀತಾ ಫೋನಿನಲ್ಲಿ ಅತ್ತಳು. ನಾನು ಅಳುವವರಿಗೆ ಕರಗುವವಳಲ್ಲ. "ನಿನ್ನ ಅತ್ತಿಗಿ ಹೇಳು, ಮಂಗಳವಾರ ಘತ್ತರಗಿ ಭಾಗ್ಯವಂತಿ ಗುಡಿಗಿ ಬರಲಿ. ಕಳಸೇನಿ ಅಂತ ಆಕಿ ಆಣಿ ಮಾಡಲಿ. ಬಂದಿಲ್ಲ ಅಂತ ನಾ ಮಾಡ್ತೇನಿ. ದೇವಿ ನೋಡ್ಕೋತಾಳ!"

ಮಾತಾಡಬಾರದು ಎಂದು ಡಾಕ್ಟರ್ ಹೇಳಿದವಳನ್ನು ಆಣೆ ಮಾಡಲು ಕರೆದ ಹೆಂಗಸು ಈ ಮೂರು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮಂಗಳವಾರ ಬೆಳಿಗ್ಗೆ ಟ್ರಂಕು ತೆಗೆದೆ. ಆಕೆಯ ಎಂಜಲು ಫೋನನ್ನು ಆಕೆಯ ಉಡಿಗೇ ಹಾಕಿ ಬರೋಣ ಎಂದು. ಸೀರೆಯ ಮೇಲಿದ್ದ ಫೋನ್ ತಗೊಂಡೆ. ಫೋನಿನ ಕೆಳಗಿದ್ದ ಸೀರೆಯನ್ನು ಅಲ್ಲೇ ಬಿಟ್ಟೆ. ಖಾಜಾಬಿ "ನಾನೂ ಬರ್ತೀನ್ರಿ" ಎಂದಳು. ಸಾಕ್ಷಿಗೆ ಇರಲಿ ಎಂದು ಕರೆದುಕೊಂಡು ಹೋದೆ. ನನ್ನ ಬುದ್ಧಿಗೆ ಏನು ಹೇಳಲಿ!

ಭೀಮಾ ನದಿಯ ದಂಡೆ, ತಲೆಯ ಮೇಲೆ ಬಿಸಿಲು. ಮಂಗಳವಾರ ಅಂದರೆ ಗುಡಿಯಲ್ಲಿ ಜನವೋ ಜನ. ಮಲ್ಲಿನಾಥ, ಸಂಗೀತಾ ಇಬ್ಬರ ಜೊತೆ ಶಾಂತಾಬಾಯಿ ಕಾರಿನಿಂದ ಇಳಿದಳು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ ಕೈ ಮುಗಿದಳು. ನಾನು ಮುಗಿಯಲಿಲ್ಲ. ನೇರ ಹೋಗಿ ಹೊಸ್ತಿಲು ಮುಟ್ಟಿ, ನದಿಯಾಚೆಗೂ ಕೇಳುವ ಹಾಗೆ ಆಣೆ ಮಾಡಿದೆ: "ತಾಯಿ ಭಾಗ್ಯವಂತಿ! ನನ್ನ ಫೋನಿಗಿ ಈಕಿದು ಒಂದು ಮೆಸೇಜೂ ಬಂದಿಲ್ಲ!"

ಶಾಂತಾಬಾಯಿ ಸುಮ್ಮನೆ ಹೊಸ್ತಿಲು ಮುಟ್ಟಿ, ತನ್ನ ಫೋನ್ ತೆಗೆದು ತೋರಿಸಿದಳು. ಕಳಿಸಿದ ಮೆಸೇಜು ಸಾಲುಸಾಲು ನಿಂತಿದ್ದವು. ನಾನು ನನ್ನದನ್ನು ತೋರಿಸಿದೆ. ಖಾಲಿ. ಜನ ಎರಡೂ ಕಡೆ ಕತ್ತು ಹಾಕಿದರು.

"ತಗೋ, ನಿನ್ನ ಎಂಜಲ ಫೋನ್ ನೀನೇ ಇಟ್ಕೋ!" ಎಂದು ಹಣ್ಣಿನ ಫೋನನ್ನು ಆಕೆಯ ಕೈಗೆ ಒಗೆದೆ. ಮಲ್ಲಿನಾಥ ಅದನ್ನು ನೋಡಿದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ.

"ಅಜ್ಜಿ, ಸಿಮ್ ಯಾವಾಗ ತೆಗದ್ರಿ?"

"ತಿಂಗಳಾತು. ಯಾಕ?"

ಅವನು ನೇರ ಕಾರಿಗೆ ಹೋದ. ಸತ್ತು ಬಿದ್ದಿದ್ದ ಫೋನನ್ನು ಕಾರಿನಲ್ಲಿ ಚಾರ್ಜಿಗೆ ಹಚ್ಚಿದ. ಗುಡಿಯ ಜನವೆಲ್ಲ ಕಾರಿನ ಸುತ್ತ ನಿಂತಿತು. ಹತ್ತು ನಿಮಿಷಕ್ಕೆ ಹಣ್ಣು ಹೊಳೆಯಿತು.

"ಪಾಸ್‌ವರ್ಡ್ ಏನ್ರಿ?"

"ಆರು ಸೊನ್ನಿ" ಎಂದೆ, ಅಷ್ಟೂ ಜನರ ಮುಂದೆ.

ಅವನು ತನ್ನ ಫೋನಿನಿಂದ ನೆಟ್ ಕೊಟ್ಟ. ಟಿಣ್. ಟಿಣ್. ಟಿಣ್ ಟಿಣ್ ಟಿಣ್! ಗುಡಿಯ ಗಂಟೆ ಕೂಡ ಹಾಗೆ ಬಾರಿಸುವುದಿಲ್ಲ! ಖಾಜಾಬಿ ಎಣಿಸಿದಳು. ಹತ್ತೊಂಬತ್ತು.

"ಹಣ್ಣಿನ ಫೋನಿನಿಂದ ಹೋಗೋ ಮೆಸೇಜ್ ಸಿಮ್ ಹುಡುಕಂಗಿಲ್ಲ ಅಜ್ಜಿ, ಹಳೇ ಗುರ್ತಿನ ಫೋನೇ ಹುಡುಕ್ತದ" ಎಂದ ಮಲ್ಲಿನಾಥ. "ಸಿಮ್ ತೆಗಿಯೂ ಮೊದಲ ಇದರಾಗ ಅದನ್ನ ಬಂದ್ ಮಾಡಬೇಕಿತ್ತು. ಎಲ್ಲಾ ಬಂದು ಇದರ ಬಾಗಲದಾಗೇ ನಿಂತಾವ."

ಹತ್ತೊಂಬತ್ತು ಕರೆಗಳು, ಕುಬಸದ ಸೀರೆಯ ಮೇಲೆಯೇ ಮಲಗಿದ್ದವು! ಸಂಗೀತಾ ಓದತೊಡಗಿದಳು. ನಿಲ್ಲಿಸು ಎಂದೆ. ಹುಡುಗಿಗೂ ನನ್ನದೇ ಹಟ, ನಿಲ್ಲಿಸಲಿಲ್ಲ.

"ಬೀಗರ, ಶುಕ್ರವಾರ ಕುಬಸ ಇಟ್ಟೇವಿ. ನೀವು ಬರಬೇಕು."

"ಗುರುವಾರನೇ ಬರ್ರಿ, ಗಾಡಿ ಕಳಸ್ತೇವಿ."

"ನೀವು ಬರಲಿಲ್ಲ. ಮುಂದ ಹಾಕೇವಿ. ನೀವಿಲ್ಲದ ಮಾಡಂಗಿಲ್ಲ."

"ನನ್ನಿಂದ ಏನರ ತಪ್ಪಾಗಿದ್ದರ ಹೊಟ್ಟಿಯಾಗ ಹಾಕ್ಕೋರಿ."

ಕೊನೆಯದು ಅವತ್ತು ಬೆಳಿಗ್ಗೆಯದು. "ಗುಡಿಗಿ ಬರ್ತೇನಿ. ಬಿಸಲು ಭಾಳ ಅದ, ತಲಿ ಮ್ಯಾಲ ಸೆರಗ ಹೊದ್ಕೊಂಡು ಬರ್ರಿ."

ನಾನು ಬರಿ ತಲೆಯಲ್ಲಿ ನಿಂತಿದ್ದೆ. ಸೆರಗನ್ನು ತಲೆಯ ಮೇಲಲ್ಲ, ಮುಖದ ಮೇಲೆ ಎಳೆದುಕೊಂಡೆ. "ನನ್ನ ಫೋನಿಗೆ ಬಂದಿಲ್ಲ" ಎಂದು ಆಣೆ ಮಾಡಿದ್ದೆ. ಅದೂ ನನ್ನ ಫೋನೇ. ದೇವಿಗೆ ಯಾವ ಕಂಪನಿ ಎಂಬ ಭೇದವಿಲ್ಲ!

"ಅಮ್ಮಾ, ಗಿರಣಿಯಾಗ ಈಗ ಏನ್ ಹೇಳೂದ್ರಿ?" ಎಂದು ಖಾಜಾಬಿ ಕೇಳಿದಳು. ನಾನು ಹೊಸ್ತಿಲಿಗೆ ತೆಂಗಿನಕಾಯಿ ಒಡೆದು ತಪ್ಪಾಯಿತು ಎಂದೆ. ಆಮೇಲೆ ಶಾಂತಾಬಾಯಿಯ ಮುಂದೆ ಬಂದು ನಿಂತೆ. ದೇವಿಗೆ ಹೇಳಿದ ಮಾತು ಬೀಗತಿಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟೊತ್ತು ಬಂದ ಬಾಯಿ! ಆಕೆ ನನ್ನ ಕೈ ಹಿಡಿದು ಹಣೆಗೆ ಕುಂಕುಮ ಹಚ್ಚಿದಳು. ಬಾಯಿಬಿಡದೆ, ಪದ್ಧತಿ ಪ್ರಕಾರ, ಬೀಗರ ಕರೆ ಮುಗಿಯಿತು.

ಕುಬಸ ಆ ಶುಕ್ರವಾರವೇ ಆಯಿತು, ಏಳನೇ ತಿಂಗಳು ಮುಗಿಯುವುದರೊಳಗೆ. ಹಸಿರು ಸೀರೆಯಲ್ಲಿ ಹುಡುಗಿ ಚೆಂದ ಕಾಣುತ್ತಿದ್ದಳು. ಬಂದ ಹೆಂಗಸರೆಲ್ಲ ಆಕೆಯನ್ನು ಒಮ್ಮೆ ನೋಡಿ, ನನ್ನನ್ನು ಎರಡು ಸಲ ನೋಡಿದರು. ಘತ್ತರಗಿಯ ಸುದ್ದಿ ನನಗಿಂತ ಮೊದಲೇ ಅಫಜಲಪುರ ಮುಟ್ಟಿತ್ತು. ಆ ಮೆಸೇಜಿಗೆ ಯಾವ ಫೋನಿನ ಅಡ್ಡಿಯೂ ಇರಲಿಲ್ಲ!

ಶಾಂತಾಬಾಯಿಗೆ ಈಗ ಮಾತಾಡಬಹುದು ಎಂದು ಡಾಕ್ಟರ್ ಹೇಳಿದ್ದಾರಂತೆ. ಮೊದಲ ಫೋನ್ ನನಗೇ ಮಾಡಿದಳು. ಬೈಯುತ್ತಾಳೆ ಎಂದು ಕಿವಿ ಗಟ್ಟಿ ಮಾಡಿಕೊಂಡು ಕೂತೆ.

"ಬೀಗರ, ಊಟ ಆತೇನ್ರಿ?" ಎಂದಳು.

ಬೈದಿದ್ದರೆ ಬೇಷಿತ್ತು. ಆಕೆಗೆ ಒಂದು ತಿಂಗಳು ಬಾಯಿ ಮುಚ್ಚು ಎಂದ ಆ ಡಾಕ್ಟರನ್ನು ನಾನೂ ಒಮ್ಮೆ ಕಾಣಬೇಕು. ನನ್ನ ಗಂಟಲಿಗೆ ಏನೂ ಆಗಿಲ್ಲ. ಅದೇ ನನ್ನ ರೋಗ.