ವಿಮಾನದ ಗಾಲಿಗೆ ನಿಂಬೆಹಣ್ಣು

ಮನೆಯವರ ಜೊತೆ ಹೊರಗೆ ಹೋದಾಗ ಅವರಿಗಿಂತ ತುಸು ಹಿಂದೆ ನಡೆಯುವುದು ನನ್ನ ಅಭ್ಯಾಸ. ಸಂಪ್ರದಾಯವೆಂದಲ್ಲ, ಮುನ್ನೆಚ್ಚರಿಕೆ. ನಮ್ಮ ಅತ್ತೆಯವರು ಎಲ್ಲಿ ಏನು ಮಾಡುತ್ತಾರೆಂದು ಹೇಳುವಂತಿಲ್ಲ. ಆಗ ಗಣಿಯ ಕಾಲ. ಹೊಸಪೇಟೆಯಲ್ಲಿ ಬೆಳಗಾದರೆ ಯಾರದಾದರೂ ಮನೆ ಮುಂದೆ ಹೊಸ ಲಾರಿ. ಬಿಳಿ ಪಂಚೆ ಒಣಗುವಷ್ಟರಲ್ಲಿ ಅದಿರಿನ ಕೆಂಧೂಳಿಗೆ ಕಾವಿ. ನಮ್ಮ ಓಣಿಯ ಲಾರಿಗಳಿಗೆಲ್ಲ ದೃಷ್ಟಿ ತೆಗೆದು ಗಾಲಿಗೆ ನಿಂಬೆಹಣ್ಣು ಇಡುವವರು ಅತ್ತೆಯವರೇ. ಹಾಗಾಗಿ ಅವರ ಚೀಲದಲ್ಲಿ ನಿಂಬೆಹಣ್ಣು, ಕುಂಕುಮ ಸದಾ ಇರುತ್ತಿದ್ದವು.

ಅಂಥದ್ದರಲ್ಲಿ ಸಂಡೂರು ಕಡೆಯ ಗಣಿ ಧಣಿಯೊಬ್ಬರು ತಮ್ಮ ರನ್‌ವೇಗೆ ಹಳೇ ಕಾಲದ ವಿಮಾನಗಳನ್ನು ಕರೆಸಿದರು. ಎಲ್ಲೆಲ್ಲಿಂದಲೋ ಹಾರಿ ಬಂದು ಇಳಿಯುತ್ತವಂತೆ, ಜನ ಹೋಗಿ ನೋಡಬಹುದಂತೆ. ಜನ್ಮದಲ್ಲೊಮ್ಮೆ ವಿಮಾನದೊಳಗೆ ಕೂತೇಳಬೇಕೆಂದು ನನ್ನ ಆಸೆ. ಅದು ಹಾರದಿದ್ದರೂ ಚಿಂತೆಯಿಲ್ಲ. ಅದಕ್ಕೆಂದೇ ರೇಷ್ಮೆ ಸೀರೆ ಉಟ್ಟು, ಮಂಡಕ್ಕಿ ವಗ್ಗರಣೆ, ಮಿರ್ಚಿ ಬುತ್ತಿ ಕಟ್ಟಿಕೊಂಡು ಅತ್ತೆ, ಯಜಮಾನರ ಜೊತೆ ಹೊರಟೆ.

ಅಲ್ಲೊಂದು ಹಳದಿ ವಿಮಾನ ಎಷ್ಟು ಮಾಡಿದರೂ ಚಾಲೂ ಆಗದೆ ಕೆಮ್ಮುತ್ತಿತ್ತು. "ಅಯ್ಯ, ಇದಕ್ಕ ಪೂಜಿನ ಮಾಡಿಲ್ಲೇನ್ರೀ?" ಎಂದ ಅತ್ತೆ, ಜನರಿಗೆ ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿಯೇಬಿಟ್ಟರು. ಅವರ ಬೆನ್ನಿಗೆ ನಮ್ಮ ಯಜಮಾನರು. ಕಾವಲಿನವನು ನನ್ನತ್ತ ತಿರುಗಿ, "ಅಕ್ಕಾರ, ಆ ಅಮ್ಮಾರು ನಿಮ್ಮ ಪೈಕಿ ಏನ್ರೀ?" ಎಂದ. ಜನರೆಲ್ಲ ನೋಡುತ್ತಿದ್ದರು. "ಇಲ್ಲಪ್ಪ, ಯಾರೋ ಏನೋ," ಎಂದೆ. ಸಾಲದೆಂದು, "ಮರಿಯಮ್ಮನಹಳ್ಳಿ ಕಡೆಯವರು ಇದ್ದಂಗ ಕಾಣ್ತಾರ," ಎಂದೂ ಸೇರಿಸಿದೆ.

ಅತ್ತೆ ನಿವಾಳಿಸಿದರು, ಗಾಲಿಗೆ ನಿಂಬೆಹಣ್ಣು ಇಟ್ಟರು. ಕನ್ನಡದ ಗಂಧವಿಲ್ಲದ ಬಿಳಿಮೀಸೆಯ ಪೈಲಟ್ ಹಣೆಯೊಡ್ಡಿ ಕುಂಕುಮ ಹಚ್ಚಿಸಿಕೊಂಡ. ಆಮೇಲೆ ಮೂತಿಯ ಪಂಖ ತಿರುಗಿಸಿದರೆ, ಗುರ್ರ್! ವಿಮಾನ ನಿಂಬೆಹಣ್ಣನ್ನು ಪಚಕ್ಕೆಂದು ಅಪ್ಪಚ್ಚಿ ಮಾಡಿ ನಿಂತಿತು. ಜನರ ಚಪ್ಪಾಳೆಯೋ ಚಪ್ಪಾಳೆ. ಪೈಲಟ್ ಎಂಜಿನ್ ಆರಿಸಿ, ಆ ತಾಯಿಯ ಮನೆಯವರೆಲ್ಲ ಒಳಗೆ ಕೂತು ಫೋಟೋ ತೆಗೆಸಿಕೊಳ್ಳಲಿ ಎಂದು ಸನ್ನೆ ಮಾಡಿದ.

ಸೀರೆ ಎತ್ತಿಕೊಂಡು ಓಡಿದೆ. ಕಾವಲಿನವನು ಕೈ ಅಡ್ಡ ಹಿಡಿದ. "ನೀವಲ್ರೀ ಅಕ್ಕಾರ. ಮನಿಯವರಷ್ಟ."

"ನಾನ ಅವರ ಸೊಸಿ ಅದೀನಪ್ಪ!"

"ಈಗರ ಯಾರೋ ಏನೋ ಅಂದ್ರಲ್ರೀ?"

ಅವನು ಮೇಲೆ ಕೂಗಿ ಕೇಳಿದ. ಸೀಟಿನಲ್ಲಿ ಪೈಲಟ್‌ನ ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆ ಬಗ್ಗಿ ನೋಡಿದರು. "ಹೌದಪ, ನಮ್ಮ ಸೊಸಿನ. ಆದ್ರ ಬುತ್ತಿ ಅಕಿ ಕೈಯಾಗ ಐತಿ. ಅಲ್ಲೇ ನಿಲ್ಲಲಿ, ನಾಯಿ ಭಾಳ ಅದಾವ."

ನಿಂತೆ. ಫೋಟೋ ತೆಗೆದವನು ಆ ಕಾವಲಿನವನೇ. ಅದೀಗ ನಮ್ಮ ಪಡಸಾಲೆಯಲ್ಲಿದೆ. ಬಂದವರು, "ನೀವು ಹೋಗಿದ್ದಿಲ್ಲೇನ್ರೀ?" ಎಂದರೆ, "ಫೋಟೋ ತೆಗೆದಾಕಿನ ನಾನು," ಎನ್ನುತ್ತೇನೆ. ಅತ್ತೆ ಕೂತಲ್ಲಿಂದಲೇ, "ಹೌದೌದು, ಭಾಳ ಚಲೋ ತೆಗಿತಾಳ," ಎನ್ನುತ್ತಾರೆ. ಅವರು ನನ್ನ ಮಾನ ಉಳಿಸುತ್ತಾರೋ ಕಳೆಯುತ್ತಾರೋ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ.